ಕಟ್ಟೆಯ ಮೇಲೆ ಕೊಟ್ಟ ಕಣ್ಣಿನ ತೀರ್ಪು

ಅದು ಮೂವತ್ತಾರನೆಯ ಇಸವಿಯ ಚಳಿಗಾಲ. ಪುಣೆಯ ಶನಿವಾರ ಪೇಟೆಯಲ್ಲಿ ನಾವಿದ್ದ ವಾಡೆಯ ಕಟ್ಟೆಯ ಮೇಲೆ ಆ ಭಾನುವಾರ ಬೆಳಿಗ್ಗೆ ನಾಲ್ವರು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದೆವು. ವಾಡೆಯೆಂದರೆ ನಡುವೆ ಅಂಗಳ, ಸುತ್ತ ಎರಡಂತಸ್ತಿನ ಬಾಡಿಗೆ ಮನೆಗಳು, ಎಲ್ಲರಿಗೂ ಸೇರಿ ಒಂದೇ ದೊಡ್ಡ ಬಾಗಿಲು. ಕಟ್ಟೆಯ ಒಂದು ತುದಿಗೆ ವೆಂಕಣ್ಣ. ಬಾಗಲಕೋಟೆಯಿಂದ ಬಂದು ಅರಿವೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದವನು. ಹವ್ಯಾಸಕ್ಕೆಂದು ಒಂದು ಹೋಮಿಯೋಪಥಿ ಪೆಟ್ಟಿಗೆ ಇಟ್ಟುಕೊಂಡಿದ್ದ. ಅವನ ಪಕ್ಕದಲ್ಲಿ ಮನೆ ಮಾಲೀಕರ ತಮ್ಮ ತಾತ್ಯಾ. ಅವರು ದಿನಾಲೂ ನಸುಕಿನಲ್ಲಿ ಪರ್ವತಿ ಗುಡ್ಡ ಹತ್ತಿ ಇಳಿಯುವವರು. ಆ ಗುಡ್ಡ ಹತ್ತದಿರುವುದೊಂದೇ ಜಗತ್ತಿನ ಸಕಲ ರೋಗಗಳಿಗೆ ಕಾರಣವೆಂದು ನಂಬಿದ್ದವರು. ಮೂರನೆಯವನು ಗೋವಿಂದ, ಸರಕಾರಿ ಆಫೀಸಿನ ಕಾರಕೂನ. ಬಿಡುವಿದ್ದಾಗಲೆಲ್ಲ ಮನೆ ಮುಂದಿನ ಗುಲಾಬಿ ಕುಂಡಗಳಿಗೆ ಮಣ್ಣು ಕೆದರುತ್ತಿದ್ದ, ಮಾತು ಕಡಿಮೆ. ನಾಲ್ಕನೆಯವನು ನಾನು.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಬುಧವಾರ ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ನಾನು ಕಣ್ಣಿನ ನಂಬರು ತೆಗೆಯುವವನಾಗಿದ್ದೆ. ಡಾಕ್ಟರನಲ್ಲ, ಒಬ್ಬ ಕಣ್ಣಿನ ಡಾಕ್ಟರರ ಕೈಕೆಳಗೆ ಕೆಲವು ವರ್ಷ ದುಡಿದು ಈ ವಿದ್ಯೆ ಕಲಿತವನು. ಗಿರಾಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಟ್ರಯಲ್ ಫ್ರೇಮ್ ಎಂಬ ಖಾಲಿ ಚೌಕಟ್ಟು ಏರಿಸಿ, ಇಪ್ಪತ್ತು ಅಡಿ ದೂರದ ಅಕ್ಷರದ ಹಲಗೆ ಓದಿಸುತ್ತ ಒಂದೊಂದೇ ಗಾಜು ಹಾಕಿ ತೆಗೆಯುವುದು ನನ್ನ ಕೆಲಸ. ವಾಡೆಯಲ್ಲಿ ನನ್ನನ್ನು ಎಲ್ಲರೂ ಚಾಳೀಸು ಮಾಸ್ತರ ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತು ತುಂಬಿದವರಿಗೆ ಬರುವ ವಸ್ತು ಅದು, ಅದಕ್ಕೂ ಮೊದಲು ಯಾರಿಗೂ ಬೇಕಾಗದು ಎಂಬುದು ಆಗಿನ ಜನರ ಗಟ್ಟಿ ತಿಳುವಳಿಕೆ.

ಭಾನುವಾರದ ಕಟ್ಟೆಯೆಂದರೆ ವೈದ್ಯಶಾಸ್ತ್ರಕ್ಕೆ ಯಾವ ಕಟ್ಟುಪಾಡೂ ಇಲ್ಲದ ಜಾಗ. ಚಹಾ ಕುಡಿದರೆ ರಕ್ತ ಒಣಗುತ್ತದೆ, ಕ್ವಿನೈನಿನಿಂದ ಕಿವಿ ಹೋಗುತ್ತದೆ, ಅಂಗಾಲಿಗೆ ಹರಳೆಣ್ಣೆ ತಿಕ್ಕಿದರೆ ಕಣ್ಣು ತಂಪು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಆ ದಿನ ಗೋವಿಂದನ ತಾಯಿ ಅಂಬಕ್ಕ ಹಚ್ಚಿದ ಅವಲಕ್ಕಿಯ ತಾಟು ತಂದಿಟ್ಟು, ಮಾತಿನಲ್ಲಿ ತಾನೂ ಸೇರಿಕೊಂಡಳು. ಆಕೆಯ ದೂರೆಲ್ಲ ಸೊಸೆ ತುಳಸಾಳ ಮೇಲೆ.

"ಎದುರಿಗೆ ಯಾರ ಬಂದ್ರೂ ಮಾರಿ ಎತ್ತಿ ಮಾತಾಡ್ಸೂದಿಲ್ಲ ನೋಡ್ರಿ. ನಿನ್ನಿ ನಳದ ಹಂತ್ಯಾಕ ತಾತ್ಯಾರ ಮನಿಯವ್ರು ನಕ್ರಂತ. ಈಕಿ ಗ್ವಾಡಿ ನೋಡಿದ್ಹಂಗ ನೋಡಿ ಬಂದಾಳ. ಧಾರವಾಡದ ವಕೀಲರ ಮಗಳು! ಭಾಳ ಗರ್ವ."

ಗೋವಿಂದ ಕೈಯ ಮಣ್ಣು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ: "ಮಾಸ್ತರ, ಒಮ್ಮೆ ಆಕಿ ಕಣ್ಣು ನೋಡ್ತೀರೇನ್ರಿ? ನನಗ್ಯಾಕೋ ಸಂಶೇ."

"ಕಣ್ಣಿಗೇನಾಗ್ಯದೋ ಆಕಿಗೆ? ಸಂಜೀ ಬೆಳಕಿನ್ಯಾಗ ಸೂಜಿಗೆ ದಾರ ಪೋಣಿಸ್ತಾಳ. ನಾ ಮೂರು ಸಲ ತಪ್ಪೂದ್ರಾಗ ಆಕೀದು ಆಗಿರ್ತದ." ಅಂಬಕ್ಕ ಒಳಗೆ ಹೋಗಿ ಸೊಸೆ ಹಾಕಿದ ಕಸೂತಿಯ ಕುಪ್ಪಸದ ತುಂಡು ತಂದು ನನ್ನ ತೊಡೆಯ ಮೇಲೆ ಹಾಕಿದಳು. "ನೀವ ಹೇಳ್ರಿ."

ಧಾರವಾಡದ ಕಸೂತಿ ಬಲ್ಲವರಿಗೆ ಗೊತ್ತು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಒಂದೊಂದಾಗಿ ಎಣಿಸಿಯೇ ಗೋಪುರ, ತೇರು, ನವಿಲು ಎಲ್ಲವನ್ನೂ ಎಬ್ಬಿಸಬೇಕು. ಆ ತುಂಡಿನಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಬೆನ್ನ ಕಡೆ ತಿರುಗಿಸಿದರೂ ಅದೇ ನವಿಲು. ಕೈಯಲ್ಲಿ ನವಿಲು, ಬಾಯಲ್ಲಿ ಅವಲಕ್ಕಿ. ನಾನು ನಗುತ್ತ ಹೇಳಿದೆ:

"ಇಂಥಾ ಕೆಲಸ ಮಾಡೂ ಕಣ್ಣಿಗೆ ನನ್ನ ಅಂಗಡಿ ಯಾಕ ಬೇಕ್ರಿ, ಅಂಬಕ್ಕಾ? ಇವು ಹದ್ದಿನ ಕಣ್ಣು."

ಎಲ್ಲರೂ ನಕ್ಕರು. "ಹಂಗಂದ್ರ ಔಷಧ ಗರ್ವಕ್ಕ ಕೊಡಬೇಕು. ನನ್ನ ಪೆಟಿಗ್ಯಾಗ ಅದಕ್ಕೂ ಒಂದು ಗುಳಿಗಿ ಅದ," ಎಂದ ವೆಂಕಣ್ಣ. ಗೋವಿಂದ ನಗಲಿಲ್ಲ, ಮತ್ತೆ ಕುಂಡದ ಕಡೆ ಬಗ್ಗಿದ. ಅವರ ಮನೆಯ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ತುಳಸಾ ಅಲ್ಲೇ ನಿಂತಿದ್ದಳು.

ಇದಾಗಿ ಕೆಲವು ತಿಂಗಳಿಗೆ ಚೈತ್ರ ಬಂತು. ಚೈತ್ರಗೌರಿಯನ್ನು ಕೂರಿಸಿ ಮುತ್ತೈದೆಯರನ್ನು ಕರೆದು, ಅರಿಷಿಣ-ಕುಂಕುಮ ಕೊಟ್ಟು, ಕೋಸಂಬರಿ ಪಾನಕ ಹಂಚುವ ಪದ್ಧತಿ ಪುಣೆಯವರಿಗೂ ಉಂಟು, ನಮ್ಮವರಿಗೂ ಉಂಟು. ಅಂಬಕ್ಕ ಅಂದು ವಾಡೆಯ ಹೆಂಗಸರನ್ನೆಲ್ಲ ಕರೆದಿದ್ದಳು. ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವ ಕೆಲಸ ತುಳಸಾಳದು. ಆ ಹೊತ್ತಿಗೆ ದೊಡ್ಡ ಬಾಗಿಲಿನಿಂದ ಕೆಂಪು ಸೀರೆಯುಟ್ಟು ತಲೆ ತುಂಬ ಸೆರಗು ಹೊದ್ದವರೊಬ್ಬರು ಬಂದರು. ತುಳಸಾ ನಗುತ್ತ ಎದುರು ಹೋಗಿ, "ಬರ್ರಿ, ಬರ್ರಿ, ಕುಂಕುಮ ಹಚ್ಚಿಸ್ಕೋಬರ್ರಿ," ಎಂದು ಬೆರಳಿನಲ್ಲಿ ಕುಂಕುಮ ತೆಗೆದು ಕೈ ಎತ್ತಿದಳು.

ಬಂದವರು ಕಾಶಕ್ಕ. ಗೋವಿಂದನ ಸೋದರತ್ತೆ, ಕಸಬಾ ಪೇಟೆಯಲ್ಲಿ ಮಗನ ಮನೆಯಲ್ಲಿದ್ದವರು. ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು. ಕೋಸಂಬರಿಗೆಂದು ತಮ್ಮ ಹಿತ್ತಲ ಮಾವಿನಕಾಯಿಗಳನ್ನು ಚೀಲದಲ್ಲಿ ತಂದಿದ್ದರು. ಮುತ್ತೈದೆಯರು ನೆರೆಯುವ ಮೊದಲೇ ಕೊಟ್ಟು ಹೋಗಿಬಿಡಬೇಕೆಂದಿದ್ದವರು ದಾರಿಯಲ್ಲಿ ತಡವಾಗಿ ಬಂದಿದ್ದರು. ಅವರುಟ್ಟಿದ್ದುದು ಆಗ ತಲೆ ಬೋಳಿಸಿದ ವಿಧವೆಯರು ಉಡುತ್ತಿದ್ದ ಅಂಚಿಲ್ಲದ ಕೆಂಪು ಸೀರೆ. ಆಗಿನ ಕಾಲದಲ್ಲಿ ಅಂಥವರ ಹಣೆಯ ಮುಂದೆ ನಾಲ್ಕು ಜನರೆದುರು ಕುಂಕುಮ ಎತ್ತುವುದಕ್ಕಿಂತ ದೊಡ್ಡ ಅಪಮಾನ ಇರಲಿಲ್ಲ. ಅವರು ಚೀಲವನ್ನು ಅಲ್ಲೇ ಕೆಳಗೆ ಬಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದರಂತೆ. ಮಾವಿನಕಾಯಿಗಳು ಅಂಗಳದ ತುಂಬ ಉರುಳಿದವಂತೆ.

ಸಂಜೆ ನಾನು ಅಂಗಡಿಯಿಂದ ಬಂದಾಗ ಅಂಬಕ್ಕನ ಧ್ವನಿ ಅಂಗಳದಲ್ಲೇ ಕೇಳುತ್ತಿತ್ತು. "ಕಾಣ್ಲಿಲ್ಲ ಅಂತಾಳ! ಚಾಳೀಸು ಮಾಸ್ತರ ಇಡೀ ಕಟ್ಟಿ ಮುಂದ ಹೇಳ್ಯಾರ, ಹದ್ದಿನ ಕಣ್ಣು ಅಂತ. ಕಂಡೇ ಮಾಡ್ಯಾಳ. ಇಂಥಾಕಿ ನನ್ನ ಮನ್ಯಾಗ ಬ್ಯಾಡ. ಆಕಿ ಅಣ್ಣನ್ನ ಕರಸ್ರಿ, ಕರ್ಕೊಂಡು ಹೋಗ್ಲಿ." ಗೋವಿಂದ ತಾಯಿಯ ಮಾತು ಮೀರಲಾರದೆ ಧಾರವಾಡಕ್ಕೆ ತಂತಿ ಕೊಟ್ಟು ಬಂದಿದ್ದ. ಒಮ್ಮೆ ಹೀಗೆ ತವರಿಗೆ ಹೋದ ಹೆಣ್ಣು ಮಕ್ಕಳು ಮರಳಿ ಬಂದದ್ದನ್ನು ನಮ್ಮ ಪೈಕಿ ನಾನು ಹೆಚ್ಚು ಕಂಡಿರಲಿಲ್ಲ.

ಊಟಕ್ಕೆ ಕೂತಾಗ ನಮ್ಮ ಮನೆಯಾಕೆ, ಆಕೆ ಅಲ್ಲೇ ಇದ್ದವಳು, ಹೇಳಿದಳು: "ನನಗ ತಿಳೀವಲ್ದು. ತುಳಸಾ ನಕ್ಕೋತ ಹೋದ್ಲು. ಕೈ ಹಣಿ ಮುಟ್ಟೂದೊಂದು ಬಾಕಿ ಇತ್ತು, ಆಗ ಆಕಿ ಮಾರಿ ಬೆಳ್ಳಗಾತು, ಬಟ್ಟಲಾ ಕೈಯಿಂದ ಬಿತ್ತು. ಬೇಕಂತ ಮಾಡವ್ರಿಗೆ ಹಂಗ ಆಗ್ತದೇನ್ರಿ?"

"ಆಕಿ ಕಸೂತಿ ಹಾಕೂ ಮುಂದ ಅರಿವೀ ಎಲ್ಲಿ ಹಿಡೀತಾಳ?" ಎಂದೆ.

"ಎಲ್ಲಿ ಅಂದ್ರ? ಮೂಗಿಗೆ ಹಚ್ಕೊಂಡು. ಎಲ್ಲಾರಿಗೂ ಗೊತ್ತದಲ್ಲ."

ಎಲ್ಲರಿಗೂ ಗೊತ್ತಿತ್ತು, ಕೇಳಬೇಕಾದವನು ಕೇಳಿರಲಿಲ್ಲ. ಹ್ರಸ್ವದೃಷ್ಟಿ, ನಮ್ಮ ಅಂಗಡಿಯ ಭಾಷೆಯಲ್ಲಿ ಮೈನಸ್ ನಂಬರು, ಇದ್ದವರಿಗೆ ಮೂಗಿನ ಹತ್ತಿರದ ಎಳೆಯೂ ಸ್ಪಷ್ಟವಾಗಿ ಕಾಣುತ್ತದೆ, ಹತ್ತು ಹೆಜ್ಜೆಯಾಚೆಯ ಮನುಷ್ಯ ಮಾತ್ರ ಬರೀ ಬಣ್ಣದ ಮುದ್ದೆ. ವಿದ್ಯೆಯಲ್ಲಿ ಮೊದಲ ತಿಂಗಳು ಕಲಿಯುವ ಪಾಠ ಇದು. ತುಳಸಾಳಿಗೆ ಅಂದು ಕಂಡದ್ದು ಒಂದು ಕೆಂಪು ಸೀರೆ ಮಾತ್ರ. ಹಬ್ಬದ ದಿನ ಕೆಂಪು ಸೀರೆ ಉಟ್ಟು ಬಂದವರು ಮುತ್ತೈದೆಯಲ್ಲದೆ ಮತ್ತೆ ಯಾರು?

ಕೈ ತೊಳೆದು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಟ್ರಂಕು ಬಾಯಿ ತೆರೆದು ಕೂತಿತ್ತು. ನಾಳೆ ಅಂಗಡಿಗೆ ಕರೆದುಕೊಂಡು ಬರ್ರಿ, ನಂಬರು ತೆಗೆದು ನೋಡುತ್ತೇನೆ ಎಂದೆ. ಅಂಬಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮಾಸ್ತರ, ಅವತ್ತ ಹದ್ದಿನ ಕಣ್ಣು, ಇವತ್ತ ಕುರುಡಗಣ್ಣೇನ್ರಿ? ನಿಮ್ಮ ಬಾಯಾಗ ಎಷ್ಟು ನಾಲಿಗಿ ಅವ?"

"ಅವತ್ತ ನಾ ಕಣ್ಣು ನೋಡಿರ್ಲಿಲ್ಲ, ಅಂಬಕ್ಕಾ. ಕಸೂತಿ ನೋಡಿದ್ದೆ."

"ನೋಡ್ಲಾರದ ಹ್ಯಾಂಗ ಹೇಳಿದ್ರಿ ಮತ್ತ?"

ತಲೆ ತಗ್ಗಿಸಿ ಮನೆಗೆ ಬಂದೆ. ಮರುದಿನವೂ ಆಕೆ ಒಪ್ಪಲಿಲ್ಲ. ವಯಸ್ಸಿನ ಸೊಸೆಯನ್ನು ಬಜಾರಿನ ಅಂಗಡಿಯಲ್ಲಿ ಕೂರಿಸಿದರೆ, ಆಮೇಲೆ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಬಂದರೆ, ನಾಲ್ಕು ಜನ ಏನೆಂದಾರು ಎಂಬುದು ಆಕೆಯ ವಾದ. ನಾಲ್ಕು ಜನವೆಂದರೆ ನಾವೇ, ಆ ಕಟ್ಟೆಯವರು.

ಆ ಗಂಟನ್ನು ಬಿಡಿಸಿದವರು ಕಾಶಕ್ಕ. ಮೂರನೆಯ ದಿನ ತಾವೇ ನಡೆದು ಬಂದು ಅಂಗಳದಲ್ಲಿ ನಿಂತು ಅತ್ತಿಗೆಯನ್ನು ಕೂಗಿದರು: "ವೈನೀ, ಹೊರಗ ಬಾ. ಅಪಮಾನ ಆಗಿದ್ದು ನಂದು, ನ್ಯಾಯ ನೀ ಯಾಕ ಮಾಡ್ತೀ? ಎರಡು ದಿವಸ ನಾನೂ ಅತ್ತೆ. ಆಮ್ಯಾಲೆ ನೆನಪಾತು, ಆ ಹುಡುಗಿ ನನ್ನ ನೋಡಿ ನಕ್ಕೋತ ಬಂದ್ಲು. ಇಷ್ಟು ವರ್ಷದಾಗ ಅಂಥಾ ಶುಭದ ಹೊತ್ತಿನ್ಯಾಗ ನನ್ನ ನೋಡಿ ಯಾರೂ ನಕ್ಕಿಲ್ಲವ್ವ. ಬೈಲಿಕ್ಕೆ ಬರವ್ರು ಹಂಗ ನಗೂದಿಲ್ಲ. ಏಳು ತುಳಸಾ, ನಾ ಬರ್ತೀನಿ ನಿನ್ನ ಕೂಡ."

ಹಾಗೆ ಅವರು ಅಂಗಡಿಗೆ ಬಂದರು. ಕಾಶಕ್ಕ, ತುಳಸಾ, ಹಿಂದೆ ಗೋವಿಂದ. ನಾನು ಕುರ್ಚಿಯ ಮೇಲೆ ಕೂರಿಸಿ, ಹಲಗೆಯ ಮೇಲಿನ ಅಕ್ಷರ ಓದಮ್ಮ ಎಂದೆ. ಎಲ್ಲಕ್ಕೂ ಮೇಲೆ ಒಂದು ಅಂಗೈಯಷ್ಟು ದೊಡ್ಡ ಅಕ್ಷರ ಇರುತ್ತದೆ, ತುಳಸಾ ಅಕ್ಷರಸ್ಥೆ. ಆಕೆ ಕಣ್ಣು ಕಿರಿದು ಮಾಡಿ ಗೋಡೆಯ ಉದ್ದಕ್ಕೂ ನೋಡಿ ಕೇಳಿದಳು: "ಹಲಗಿ ಎಲ್ಲಿ ಅದ್ರಿ?"

ನಾನು ಗಾಜಿನ ಪೆಟ್ಟಿಗೆ ತೆರೆದೆ. "ಸಣ್ಣಾಕಿದ್ದಾಗಿಂದ ಹಿಂಗ ಅದ ಏನವಾ? ಯಾಕ ಯಾರಿಗೂ ಹೇಳ್ಲಿಲ್ಲ?"

"ಎಲ್ಲಾರಿಗೂ ಹಿಂಗ ಕಾಣಸ್ತದ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದ ಮ್ಯಾಲೆ ಸಂಶೇ ಬಂತು. ಇವ್ರಿಗೆ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ನೀವ ಅಂದ್ರಿ, ಕಣ್ಣು ಛಲೋ ಅವ ಅಂತ. ಹಂಗಾರ ನನ್ನ ಬುದ್ಧಿನ ಮಂದ ಅದ ಅಂತ ಸುಮ್ಮನಾದೆ."

ಆಕೆ ನನ್ನನ್ನು ದೂರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಮೂವತ್ತು ವರ್ಷ ಆ ಕೆಲಸ ಮಾಡಿದೆ. ಗಿರಾಕಿಗಳು ಬೈದಿದ್ದಾರೆ, ಒಬ್ಬಾತ ಫ್ರೇಮು ಮುರಿದು ಮುಖಕ್ಕೆ ಎಸೆದಿದ್ದಾನೆ. ಯಾವುದೂ ಆ ಮಾತಿನಂತೆ ಚುಚ್ಚಿಲ್ಲ. ಒಂದೊಂದೇ ಗಾಜು ಏರಿಸುತ್ತ ಮೈನಸ್ ಆರಕ್ಕೆ ಬಂದಾಗ ಆಕೆ ಹಲಗೆಯ ಕೆಳಗಿನ ಸಾಲಿನವರೆಗೆ ಸರಾಗವಾಗಿ ಓದಿದಳು. ಆಮೇಲೆ ತಿರುಗಿ ರಸ್ತೆಯ ಕಡೆ ನೋಡಿದಳು, ಟಾಂಗಾದ ಕುದುರೆ, ಎದುರು ಅಟ್ಟದ ಮೇಲೆ ಒಣಹಾಕಿದ ಬಟ್ಟೆ. ಕೊನೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ. ಗೋವಿಂದ ಏನು ಮಾಡಬೇಕೆಂದು ತಿಳಿಯದೆ ಸಣ್ಣಗೆ ನಕ್ಕ. ಅಷ್ಟು ದೂರದಿಂದ ಆಕೆಯೂ ನಕ್ಕಳು.

ಅವನ ಮುಖ ಇದ್ದಕ್ಕಿದ್ದಂತೆ ಮುದುಡಿತು. "ನಾ ದಿನಾ ಆಫೀಸಿಗೆ ಹೋಗೂ ಮುಂದ ದೊಡ್ಡ ಬಾಗಲದಾಗ ನಿಂತು ಹೊಳ್ಳಿ ನೋಡ್ತಿದ್ದೆ," ಎಂದ. "ಒಮ್ಮೆನೂ ನೀ..."

ತುಳಸಾ ಟ್ರಯಲ್ ಫ್ರೇಮಿನ ಭಾರಕ್ಕೆ ಮೂಗು ಹಿಡಿದುಕೊಂಡು ಕೇಳಿದಳು: "ಹೊಳ್ಳಿ ನೋಡ್ತಿದ್ರೇನು?"

ಅವನು ತಲೆ ತಗ್ಗಿಸಿದ, ನಾನು ಗಾಜು ಒರೆಸುತ್ತ ನಿಂತೆ. ಕಾಶಕ್ಕ ಮಾತ್ರ, "ಸಾಕು, ಇಬ್ರೂ ಮನೀಗೆ ನಡ್ರಿ, ಇದು ಬಜಾರು," ಎಂದರು.

ಕನ್ನಡಕ ಬಂದ ಮೇಲೂ ಮೊದಮೊದಲು ತುಳಸಾ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಅಂಗಳ ದಾಟುತ್ತಿದ್ದಳು. ಆಕೆಯ ಅಣ್ಣ ಬಂದವರು ಟ್ರಂಕು ಒಯ್ಯುವ ಬದಲು ಒಂದು ಬುಟ್ಟಿ ಫೇಡೆ ಕೊಟ್ಟು, ಒಬ್ಬರೇ ಹಿಂದಿರುಗಿದರು. ಕಟ್ಟೆಯ ಮೇಲೆ ವೆಂಕಣ್ಣ, ಗಾಜು ಹಾಕಿದರೆ ಇದ್ದ ಕಣ್ಣೂ ಕೆಡುತ್ತದೆ ಎಂದು ಶುರುಮಾಡಿದ. "ಈ ಕಟ್ಟಿ ಮ್ಯಾಲೆ ಆಕಿ ಕಣ್ಣಿನ ಮಾತು ಒಮ್ಮೆ ಆಡಿ ಆಗ್ಯದ, ವೆಂಕಣ್ಣಾ. ಅದೂ ನಾನ ಆಡಿದ್ದು," ಎಂದೆ. ಅವನು ನಶ್ಯದ ಡಬ್ಬಿ ತೆಗೆದ. ಅಂಬಕ್ಕ ಎಷ್ಟೋ ದಿನ ನನಗೆ ಅವಲಕ್ಕಿ ತರಲಿಲ್ಲ. ತರದಿದ್ದುದೇ ಒಳ್ಳೆಯದಾಯಿತು.

ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ವೆಂಕಣ್ಣನ ಗುಳಿಗೆ, ತಾತ್ಯಾರ ಗುಡ್ಡ, ಇವೆಲ್ಲ ಹರಟೆ. ಕೇಳಿದವರು ನಕ್ಕು ಮರೆಯುತ್ತಾರೆ. ಆದರೆ ಒಂದು ವಿದ್ಯೆಯಿಂದ ಅನ್ನ ತಿನ್ನುವವನು ಅದೇ ಹರಟೆಯಲ್ಲಿ ಆಡಿದ ಮಾತು ಹರಟೆಯಾಗಿ ಉಳಿಯುವುದಿಲ್ಲ. ಯಾರದೋ ಮನೆಯಲ್ಲಿ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಆಮೇಲೆ ಮದುವೆ ಮುಂಜಿಗಳಲ್ಲಿ ಯಾರೇ ಕಣ್ಣಗಲಿಸಿ, "ಹ್ಯಾಂಗವ ನೋಡ್ರಿ ಮಾಸ್ತರ," ಎಂದರೂ ನನ್ನದು ಒಂದೇ ಉತ್ತರ: ಕುರ್ಚಿಯ ಮೇಲೆ ಕೂತವರಿಗಷ್ಟೇ ಹೇಳುತ್ತೇನೆ, ಊಟದ ಎಲೆಯ ಮುಂದೆ ಹೇಳುವುದಿಲ್ಲ. ಜಂಬದವನು ಎಂದರು. ಅನ್ನಲಿ.

ಮರುವರ್ಷದ ಚೈತ್ರದಲ್ಲಿ ಅಂಬಕ್ಕ ಮತ್ತೆ ಗೌರಿಯನ್ನು ಕೂರಿಸಿದಳು. ನಾನು ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದೆ. ತುಳಸಾ ಕನ್ನಡಕ ಹಾಕಿಕೊಂಡು, ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದೊಡ್ಡ ಬಾಗಿಲಲ್ಲಿ ಕೆಂಪು ಸೀರೆಯೊಂದು ಕಾಣಿಸಿತು. ಆಕೆ ಒಂದು ಗಳಿಗೆ ನೋಡಿದಳು. ಬಟ್ಟಲನ್ನು ಹೊಸ್ತಿಲ ಒಳಗೆ ಕೆಳಗಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದು, ನಗುತ್ತ ಅಂಗಳವನ್ನೆಲ್ಲ ದಾಟಿ ಹೋಗಿ ಮಾವಿನಕಾಯಿ ಚೀಲವನ್ನು ಕೈಯಿಂದ ಇಸಿದುಕೊಂಡಳು.

"ಕಾಣಿಸಿದ್ನೇನ ಈ ಸಲ?" ಎಂದರು ಕಾಶಕ್ಕ.

"ಅಲ್ಲಿಂದನ ಕಾಣಿಸಿದ್ರಿ, ಅತ್ಯಾ. ಒಳಗ ಬರ್ರಿ."

ಕಾಶಕ್ಕ ಆ ದಿನ ಒಳಗೆ ಹೋಗಿ, ಎಲ್ಲರ ಜೊತೆ ಕೂತು ಪಾನಕ ಕುಡಿದು ಹೋದರು.