ಹದಿನೆಂಟನೆಯ ಹೆಸರು

1984ರ ಸೆಪ್ಟೆಂಬರ್‌ನಲ್ಲಿ ನಾನು ಸೌದಿ ಅರೇಬಿಯಾದ ಅಲ್ ಅಹ್ಸಾದಲ್ಲಿ, ಹುಫೂಫ್ ಪಟ್ಟಣದ ಹೊರಗಿದ್ದ ಒಂದು ತಾಂತ್ರಿಕ ಕಾಲೇಜಿಗೆ ದೈಹಿಕ ಶಿಕ್ಷಣ ಬೋಧಕನಾಗಿ ಸೇರಿದೆ. ಅದಕ್ಕೂ ಮೊದಲು ಮಂಗಳೂರಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಉಳ್ಳಾಲದ ಮರಳಿನಲ್ಲಿ ಫುಟ್‌ಬಾಲ್ ಆಡಿ ಬೆಳೆದವನು. ಕಾಲೇಜಿಗೆ ನನ್ನ ಹುದ್ದೆ ಹೊಸತು, ಒಂದು ವರ್ಷದ ಪ್ರಯೋಗ ಅಷ್ಟೇ. ಎರಡನೆಯ ವರ್ಷಕ್ಕೆ ಹುದ್ದೆ ಉಳಿದರೆ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ಸಿಗುತ್ತಿತ್ತು. ಆ ವರ್ಷ ನಾನು ಮಾಡಿದ ಪ್ರತಿ ಕೆಲಸದ ಹಿಂದೆ ಇದ್ದದ್ದು ಅದೊಂದೇ ಆಸೆ.

ಡೀನ್ ಅಮೆರಿಕದಲ್ಲಿ ಓದಿ ಬಂದವರು, ರಿಯಾದಿನವರು. ಮೊದಲ ದಿನವೇ ಕರೆದು ಎರಡು ಮಾತು ಹೇಳಿದರು. ವಸಂತದಲ್ಲಿ ಅಂತರ ಕಾಲೇಜು ಪಂದ್ಯಾವಳಿ ಇದೆ, ಅದಕ್ಕೊಂದು ತಂಡ ಕಟ್ಟಬೇಕು. ಆ ತಂಡದಲ್ಲಿ ವಾಸ್ತಾದಿಂದ ಬಂದ ಒಬ್ಬನೂ ಆಡಬಾರದು. ವಾಸ್ತಾ ಎಂದರೆ ಅಲ್ಲಿನ ಮಾತಿನಲ್ಲಿ ಶಿಫಾರಸು, ದೊಡ್ಡವರ ಪರಿಚಯದ ಬಲ. ಹಿಂದಿನ ವರ್ಷ ಅಧಿಕಾರಿಗಳ ಮಕ್ಕಳನ್ನೇ ಕಟ್ಟಿಕೊಂಡು ಹೋಗಿ ಕಾಲೇಜು ಒಂಬತ್ತು ಗೋಲಿನಿಂದ ಸೋತಿತ್ತಂತೆ. “ಅಂಥ ಒಬ್ಬನನ್ನು ಮೈದಾನದಲ್ಲಿ ಕಂಡರೂ ನಿಮ್ಮ ಹುದ್ದೆಯ ವಿಷಯ ಅಲ್ಲಿಗೆ ಮುಗಿಯಿತು” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ನನಗೆ ಆ ಮಾತು ಬಹಳ ಇಷ್ಟವಾಯಿತು. ನಾನೂ ಹಾಗೇ ಯೋಚಿಸುವವನು.

ಆಟಗಾರರನ್ನು ಹುಡುಕುವುದು ಸುಲಭವಾಗಿರಲಿಲ್ಲ. ಟ್ರಯಲ್‌ಗೆ ಬಂದ ಪಟ್ಟಣದ ಹುಡುಗರು ಹೊಸ ಬೂಟು ಹಾಕಿಕೊಂಡು ಬಂದರು, ಅರ್ಧ ಗಂಟೆ ಓಡಿ ಸೋಡಾ ಕುಡಿಯಲು ಕೂತರು. ಬೇಸತ್ತು ಒಂದು ಸಂಜೆ ಖರ್ಜೂರದ ತೋಟಗಳ ಕಡೆ ನಡೆದುಹೋದೆ. ಅಲ್ಲಿ ಅಸರ್ ನಮಾಜಿನ ನಂತರ, ತೋಟದ ಅಂಚಿನ ಬಯಲಿನಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಅವರಲ್ಲಿ ಹಲವರು ನಮ್ಮ ಕಾಲೇಜಿನವರೇ. ಮರ ಹತ್ತಿ ಇಳಿದು ಅವರ ಕಾಲು ಗಟ್ಟಿಯಾಗಿತ್ತು, ಬಿದ್ದರೂ ಚೆಂಡು ಬಿಡುತ್ತಿರಲಿಲ್ಲ. ಅವರ ನಾಯಕನಂತಿದ್ದವನು ಜಾಬಿರ್, ಡೀಸೆಲ್ ಮೆಕ್ಯಾನಿಕ್ ವಿಭಾಗದ ಎರಡನೆಯ ವರ್ಷದವನು. ಅವನಂಥ ಸೆಂಟರ್ ಹಾಫ್ ನಮ್ಮೂರಿನಲ್ಲಿದ್ದರೆ ಎತ್ತಿಕೊಂಡು ಮೆರೆಸುತ್ತಿದ್ದರು.

ಅವರ ತಂದೆಯಂದಿರ ಒಪ್ಪಿಗೆ ಬೇಕಿತ್ತು. ಮನೆ ಮನೆಗೆ ಹೋಗಿ ಏಲಕ್ಕಿ ಹಾಕಿದ ಕಾಫಿ ಕುಡಿದು, ಮುರುಕು ಅರಬ್ಬಿಯಲ್ಲಿ ಕೇಳಿಕೊಂಡೆ. ಎಲ್ಲರೂ ಒಪ್ಪಿದರು. ಪಂದ್ಯದ ದಿನ ಗೊತ್ತುಮಾಡುವ ಹೊಣೆ ಆತಿಥೇಯರಾದ ನಮ್ಮದೇ ಆಗಿತ್ತು. ಚಳಿ ಕಳೆದು ಸೆಕೆ ಶುರುವಾಗುವ ಮೊದಲಿನ ಮಾರ್ಚ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಇಟ್ಟೆ. ಪಂದ್ಯ ಮುಗಿಸಿ, ಊಟ ಮಾಡಿ ಎದುರಾಳಿಗಳು ದೂರದ ಊರಿಗೆ ಮರಳಬೇಕಿತ್ತು. ಹುಡುಗರಿಗೂ ಹೇಳಿದೆ, ಅಪ್ಪಂದಿರಿಗೂ ಹೇಳಿದೆ. ಒಬ್ಬರೂ ಬೇಡ ಎನ್ನಲಿಲ್ಲ. ಮನೆಗೆ ಬಂದ ಅತಿಥಿಯ ಮುಖಕ್ಕೆ ಇಲ್ಲ ಎನ್ನುವುದು ಅವರಲ್ಲಿ ಮರ್ಯಾದೆಯಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಪಂದ್ಯಾವಳಿ ಸಮಿತಿಗೆ ಹದಿನೆಂಟು ಹೆಸರು ಕಳಿಸಬೇಕಿತ್ತು, ಕಳಿಸಿದ ಮೇಲೆ ಬದಲಾಯಿಸುವಂತಿಲ್ಲ. ತೋಟದ ಹಳ್ಳಿಯ ಹನ್ನೊಂದು ಹುಡುಗರು, ಪಟ್ಟಣದ ಪೈಕಿ ಬೆವರು ಸುರಿಸಲು ತಯಾರಿದ್ದ ಆರು ಮಂದಿ. ಹದಿನೇಳಾಯಿತು. ಆಗ ಕಚೇರಿ ಮ್ಯಾನೇಜರ್ ತನ್ನ ತಂಗಿಯ ಮಗ ಫಹದನ ಹೆಸರು ಹಿಡಿದುಕೊಂಡು ಬಂದ. ಫಹದ್ ದಪ್ಪಗಿನ ಹುಡುಗ, ಓಡಿದರೆ ಉಸಿರು ಕಟ್ಟುತ್ತಿತ್ತು, ಸ್ವಂತ ಪಿಕಪ್ ಇತ್ತು. ನಾನು ಆಗುವುದಿಲ್ಲ ಎಂದೆ. ಮ್ಯಾನೇಜರ್ ನಗುತ್ತಲೇ ಇದ್ದ. ನನ್ನ ಇಕಾಮಾ, ಅಂದರೆ ಅಲ್ಲಿ ವಾಸವಿರುವ ಪರವಾನಗಿ, ನವೀಕರಣಕ್ಕೆಂದು ಅವನ ಮೇಜಿನ ಮೇಲೆ ಕೂತು ಎರಡು ವಾರವಾಗಿತ್ತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಹಲ್ಲು ಕಚ್ಚಿಕೊಂಡು ಹದಿನೆಂಟನೆಯ ಹೆಸರಾಗಿ ಫಹದನನ್ನು ಬರೆದೆ. ಹೆಸರಿರಲಿ, ಆಡಿಸದಿದ್ದರಾಯಿತು ಎಂದು ನಿಶ್ಚಯಿಸಿಕೊಂಡೆ.

ಹುಫೂಫ್ ಪೇಟೆಯಲ್ಲಿ ಬಟ್ಟೆ, ಬೂಟು ಮಾರುವ ಭಟ್ಕಳದ ಇಬ್ರಾಹಿಂ ಸಾಹೇಬರಿದ್ದರು. ಅವರ ಅಂಗಡಿಯೇ ನನಗೆ ಊರು. ತಂಡದ ಜೆರ್ಸಿ ತರಲು ಹೋದಾಗ ಈ ಸಂಕಟ ಹೇಳಿಕೊಂಡೆ.

“ಅದಕ್ಕೆ ಎಂತ ಬೇಜಾರು ಮಾರಾಯ? ಒಂದು ಜೆರ್ಸಿ ದೊಡ್ಡದು ಕೊಡ್ತೇನೆ, ಬೆಂಚಿನ ಮೇಲೆ ಕೂತುಕೊಳ್ಳಲಿ” ಎಂದರು.

“ಡೀನ್ ಹೇಳಿದ್ದು ನೆನಪುಂಟಲ್ಲ ಸಾಹೇಬರೆ?”

“ಡೀನ್ ಹೇಳಿದ್ದು ಆಡಬಾರದು ಅಂತ. ಕೂತುಕೊಳ್ಳಬಾರದು ಅಂತ ಹೇಳಿದ್ದಾರಾ?”

ಫಹದ್ ಮಾತ್ರ ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರಿಗಿಂತ ಹಿಂದೆ ಓಡುತ್ತಿದ್ದ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚೆಂಡು ಹೆಕ್ಕಿ ತರುವ ಕೆಲಸಕ್ಕೆ ಹಚ್ಚಿದೆ, ಅದನ್ನೂ ಮಾಡಿದ.

ಪಂದ್ಯಕ್ಕೆ ಮೊದಲಿನ ವಾರ ತೋಟದ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾದರು. ಒಬ್ಬನಿಗೆ ಜ್ವರ, ಮತ್ತೊಬ್ಬನ ಚಿಕ್ಕಪ್ಪ ಬಂದಿದ್ದಾನೆ, ಹೀಗೆ ನೆಪಗಳು. ಬುಧವಾರದ ಕೊನೆಯ ಅಭ್ಯಾಸಕ್ಕೆ ಹನ್ನೊಂದರಲ್ಲಿ ಒಬ್ಬನೂ ಬರಲಿಲ್ಲ. ಪಟ್ಟಣದ ಆರು ಮಂದಿ ಮತ್ತು ಫಹದ್. ಏಳು ಜನರಿಗಿಂತ ಕಡಿಮೆಯಾದರೆ ಪಂದ್ಯವೇ ಇಲ್ಲ, ಎದುರಾಳಿಗೆ ಗೆಲುವು. ಫಹದನನ್ನು ಆಡಿಸಿದರೆ ಹುದ್ದೆ ಹೋಗುತ್ತದೆ, ಬಿಟ್ಟರೆ ತಂಡವೇ ಇಲ್ಲದೆ ಹುದ್ದೆ ಹೋಗುತ್ತದೆ. ಆರು ತಿಂಗಳು ಬೆವರು ಹರಿಸಿ ಕಟ್ಟಿದ್ದೆಲ್ಲ ಮಣ್ಣುಪಾಲಾಯಿತು ಎಂದು ಕೆಂಡಾಮಂಡಲವಾದೆ. ಕಾಲೇಜಿನ ವ್ಯಾನ್ ಡ್ರೈವರ್ ರಜೆಯಲ್ಲಿದ್ದ. “ಉಸ್ತಾದ್, ನನ್ನ ಪಿಕಪ್ ಇದೆ” ಎಂದ ಫಹದ್. ಬೇರೆ ದಾರಿಯಿರಲಿಲ್ಲ, ಹತ್ತಿದೆ.

ಜಾಬಿರನ ತೋಟದಲ್ಲಿ ಅವನು ಸಿಕ್ಕಿದ್ದು ಮರದ ಮೇಲೆ. ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿದುಕೊಂಡು, ಗಂಡು ಮರದ ಹೂವಿನ ಎಳೆಗಳನ್ನು ಹೆಣ್ಣು ಮರದ ಹೊಂಬಾಳೆಯೊಳಗೆ ಇಟ್ಟು ಕಟ್ಟುತ್ತಿದ್ದ. ಖರ್ಜೂರದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಹೆಣ್ಣು ಹೊಂಬಾಳೆ ಒಡೆದ ಕೆಲವೇ ದಿನಗಳಲ್ಲಿ ಈ ಕೆಲಸ ಕೈಯಿಂದ ಆಗಬೇಕು. ಇಲ್ಲದಿದ್ದರೆ ಆ ವರ್ಷ ಮರಕ್ಕೆ ಹಣ್ಣೇ ಇಲ್ಲ. ಬಿಸಿಲೇರುವ ಹೊತ್ತು ಇದಕ್ಕೆ ಒಳ್ಳೆಯದಂತೆ. ಸುತ್ತಲಿನ ಮರಗಳಲ್ಲೂ ನನ್ನ ಹುಡುಗರೇ. ನನ್ನ ಬ್ಯಾಕ್‌ಗಳು, ನನ್ನ ಫಾರ್ವರ್ಡ್‌ಗಳು ಎಲ್ಲರೂ ನೆಲದಿಂದ ಮೂವತ್ತು ಅಡಿ ಮೇಲಿದ್ದರು.

ಜಾಬಿರನ ತಂದೆ ನಾಲ್ಕು ತೋಟಗಳ ಯಜಮಾನ, ಗತ್ತಿನ ಮನುಷ್ಯ. ನಾನು ಕೂಗಾಡಿದ್ದನ್ನು ಸಮಾಧಾನದಿಂದ ಕೇಳಿಸಿಕೊಂಡರು.

“ನೀವು ಮಗನನ್ನು ಕೇಳಿದಿರಿ, ಕೊಟ್ಟೆ. ಮರಗಳನ್ನೂ ಕೊಡು ಎಂದು ಕೇಳಲಿಲ್ಲ” ಎಂದರು.

“ಮಾರ್ಚ್ ಎಂದಾಗಲೇ ಆಗುವುದಿಲ್ಲ ಎನ್ನಬಹುದಿತ್ತಲ್ಲ?”

“ನೀವು ದಿನ ಗೊತ್ತುಮಾಡಿ ಬಂದಿದ್ದಿರಿ. ದೇವರು ಬಯಸಿದರೆ ಎಂದೆ. ಈ ಸಲ ಮರಗಳು ಬೇಗ ಒಡೆದವು.”

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ತೆಂಗಿನ ನಾಡಿನಿಂದ ಬಂದ ನನಗೆ ಮರವೆಂದರೆ ತಾನಾಗಿ ಕಾಯಿ ಬಿಡುವಂಥದ್ದು. ಖರ್ಜೂರದ ಮರವನ್ನು ಪ್ರತಿ ವರ್ಷ ಮದುವೆ ಮಾಡಿಸಬೇಕು ಎಂದು ಯಾರಿಗೆ ಗೊತ್ತು? ಗಟ್ಟಿ ಕಾಲಿನವರು ಎಂದು ಮರ ಹತ್ತುವವರನ್ನೇ ಹುಡುಕಿ ಹುಡುಕಿ ಆರಿಸಿದೆ, ಅವರು ಮರ ಹತ್ತುವ ವಾರವನ್ನೇ ಹುಡುಕಿ ಪಂದ್ಯ ಇಟ್ಟೆ. ಪಿಕಪ್ ಹತ್ತಿ ಮರಳಿದೆವು. ಫಹದ್ ಒಂದೇ ಒಂದು ಪ್ರಶ್ನೆ ಕೇಳಿದ. “ಅವರ ಕೆಲಸಕ್ಕೆ ಬೇರೆ ಕೈ ಸಿಕ್ಕರೆ ಬರುತ್ತಾರಲ್ಲ, ಉಸ್ತಾದ್?” ಸುಮ್ಮನೆ ಏನೋ ಆಡುತ್ತಾನೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಮೈದಾನದ ಬಾಗಿಲಲ್ಲಿ ನಿಂತಿದ್ದೆ. ಎಂಟೂವರೆಗೆ ಫಹದನ ಪಿಕಪ್ ಬಂತು. ಹಿಂದೆ ಒತ್ತೊತ್ತಾಗಿ ನನ್ನ ಹನ್ನೊಂದು ಹುಡುಗರು. ಮೊದಲು ನನಗೆ ನಂಬಿಕೆಯೇ ಬರಲಿಲ್ಲ. ಜಾಬಿರ್ ಇಳಿದು ವಿಷಯ ಹೇಳಿದ. ಫಹದನ ತಂದೆಗೂ ದೊಡ್ಡ ತೋಟವಿದೆ, ಅಲ್ಲಿ ಸಂಬಳದ ಆಳುಗಳಿದ್ದಾರೆ. ಬೆಳಗಿನ ಜಾವದ ಫಜರ್ ನಮಾಜು ಮುಗಿಯುತ್ತಲೇ ಫಹದ್ ಅವರನ್ನೆಲ್ಲ ಕರೆದುಕೊಂಡು ಬಂದು ಇವರ ಮರಗಳಿಗೆ ಹಚ್ಚಿದ್ದಾನೆ.

“ನಿನ್ನ ತಂದೆ ಒಪ್ಪಿದರೇ?” ಎಂದು ಫಹದನನ್ನು ಕೇಳಿದೆ.

“ದಮ್ಮಾಮಿಗೆ ಹೋಗಿದ್ದಾರೆ. ಮಧ್ಯಾಹ್ನ ಬರುತ್ತಾರೆ” ಎಂದ. ಆಮೇಲೆ ಬೈಗುಳ ತಿನ್ನುವವನು ತಾನೇ ಎಂದು ಅವನ ಮುಖವೇ ಹೇಳುತ್ತಿತ್ತು. ಜೆರ್ಸಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಹೋಗಿ ಕೂತ. ಆಡಿಸಿ ಎಂದು ಕೇಳಲಿಲ್ಲ.

ಮೊದಲರ್ಧದಲ್ಲಿ ಜಾಬಿರನ ಒಂದು ಹೆಡರ್‌ನಿಂದ ನಾವು ಮುಂದಿದ್ದೆವು. ವಿರಾಮದಲ್ಲಿ ನಮ್ಮ ರೈಟ್ ಬ್ಯಾಕ್ ಕಾಲು ನೋವೆಂದು ಕೂತುಬಿಟ್ಟ. ಅವನ ಜಾಗಕ್ಕೆ ಪಟ್ಟಣದ ಚುರುಕು ಹುಡುಗನೊಬ್ಬ ತಯಾರಾಗಿ ನಿಂತಿದ್ದ. ಪೆವಿಲಿಯನ್‌ನಲ್ಲಿ ಡೀನ್, ಅವರ ಪಕ್ಕದಲ್ಲಿ ಮ್ಯಾನೇಜರ್. ನನಗೆ ಹೆಂಡತಿ ಮಕ್ಕಳು ನೆನಪಾದರು, ಅದೂ ನಿಜ. ಆದರೆ ಈ ಪಂದ್ಯ ನಡೆಯುತ್ತಿರುವುದೇ ಬೆಂಚಿನ ತುದಿಯಲ್ಲಿ ಕೂತವನಿಂದ. ಅವನನ್ನು ಅಲ್ಲೇ ಕೂರಿಸಿ ಮನೆಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. “ಫಹದ್, ಎದ್ದೇಳು” ಎಂದೆ. ಅವನು ಮೈದಾನಕ್ಕೆ ಇಳಿದಾಗ ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇಡೀ ಪೆವಿಲಿಯನ್ನಿನಲ್ಲಿ ಅವನೊಬ್ಬನೇ.

ಫಹದ್ ಉಸಿರು ಕಟ್ಟಿ ಓಡಿದ. ಆದರೆ ಗೋಲ್‌ಕೀಪರ್‌ಗೆ ಹಿಂದಕ್ಕೆ ತಳ್ಳಿದ ಚೆಂಡು ಅರ್ಧದಲ್ಲೇ ನಿಂತಿತು, ಎದುರಾಳಿ ಅದನ್ನು ಗೋಲಿಗೆ ಹೊಡೆದ. ಕೊನೆಯ ಹೊತ್ತಿನಲ್ಲಿ ಮತ್ತೊಂದು ಗೋಲು ಬಿತ್ತು. ಎರಡು ಒಂದರಿಂದ ಸೋತೆವು.

ಶನಿವಾರ ಡೀನ್ ಕರೆಸಿದರು. ತೋಟ, ಹೂವು, ಆಳುಗಳು, ಪಿಕಪ್ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅದು ನನಗೇ ಕಟ್ಟುಕಥೆಯಂತೆ ಕೇಳಿಸತೊಡಗಿತು.

“ಮ್ಯಾನೇಜರ್ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದೆ. ಅವನ ಮೇಜಿನ ಮೇಲೆ ನಿಮ್ಮ ಇಕಾಮಾ ಇದ್ದದ್ದೂ ನನಗೆ ಗೊತ್ತು” ಎಂದರು ಡೀನ್. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಜಾಬಿರನನ್ನು ಕೇಳಿ ನೋಡಿ ಎಂದೆ. ವಿದ್ಯಾರ್ಥಿಗಳನ್ನು ಇದರಲ್ಲಿ ಎಳೆಯಬೇಡಿ, ಈ ವರ್ಷಕ್ಕೆ ನಿಮ್ಮ ಹುದ್ದೆ ಮುಗಿಯಿತು ಎಂದರು. ಶಿಫಾರಸಿಗೆ ಹೆದರಿ ಆಡಿಸಿದ್ದರೆ ಈ ಶಿಕ್ಷೆ ನ್ಯಾಯವೇ ಆಗಿತ್ತು. ನನ್ನ ಕೆಲಸದ ಜೀವನದಲ್ಲಿ ಶಿಫಾರಸನ್ನು ಲೆಕ್ಕಿಸದೆ, ಮನಸ್ಸು ಹೇಳಿದಂತೆ ತೆಗೆದುಕೊಂಡ ನಿರ್ಧಾರ ಅದು. ಅದನ್ನೇ ಶಿಫಾರಸು ಎಂದರು.

ವರ್ಷದ ಕೊನೆಗೆ ಹುದ್ದೆ ರದ್ದಾಗುತ್ತದೆ ಎಂಬ ಸುದ್ದಿ ಹಬ್ಬಿತು. ಫಹದ್ ಹುಡುಕಿಕೊಂಡು ಬಂದ. “ಮಾವನಿಗೆ ಹೇಳುತ್ತೇನೆ ಉಸ್ತಾದ್. ಸಚಿವಾಲಯದಲ್ಲಿ ಅವನಿಗೆ ಜನ ಇದ್ದಾರೆ, ಹುದ್ದೆ ಉಳಿಯುತ್ತದೆ” ಎಂದ. ಪಾಪ, ಅವನಿಗೆ ತಿಳಿದದ್ದು ಅದೊಂದೇ ದಾರಿ. ನಾನು ಎರಡು ದಿನ ಯೋಚಿಸಿದೆ. ಮಕ್ಕಳ ಮುಖ ಕಣ್ಣೆದುರು ಬರುತ್ತಿತ್ತು. ಆದರೆ ಹೂಂ ಎಂದರೆ ಡೀನ್ ಹೇಳಿದ್ದೇ ನಿಜವಾಗುತ್ತಿತ್ತು. ಬೇಡ ಎಂದೆ.

ಇಬ್ರಾಹಿಂ ಸಾಹೇಬರಿಗೆ ಹೇಳಿದಾಗ ಅವರು ಮೀಟರ್ ಕೋಲು ಕೆಳಗಿಟ್ಟರು. “ನೀನೆಂತ ಮನುಷ್ಯ ಮಾರಾಯ! ಹುಡುಗನನ್ನು ಆಡಿಸಿ ಕೆಲಸ ಕಳಕೊಂಡೆ. ಅದೇ ಹುಡುಗ ಕೆಲಸ ಕೊಡಿಸ್ತೇನೆ ಅಂದ್ರೆ ಬೇಡ ಅಂತೀಯ. ನಿನ್ನ ಹೆಂಡತಿಗೆ ಕಾಗದ ನಾನು ಬರೀಬೇಕಾ?” ಎಂದು ಬೈದರು. ಆಮೇಲೆ ತಮ್ಮ ನೆಂಟರ ದಮ್ಮಾಮಿನ ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ ಅವರೇ ಕೊಡಿಸಿದರು. ಆ ಕೆಲಸಕ್ಕೆ ಕುಟುಂಬ ಕರೆಸುವ ಅನುಮತಿ ಇರಲಿಲ್ಲ. ಎರಡು ವರ್ಷ ದುಡಿದು ಊರಿಗೆ ಮರಳಿದಾಗ ಕಿರಿಯ ಮಗಳು ನನ್ನನ್ನು ಕಂಡು ಅಮ್ಮನ ಸೀರೆಯ ಹಿಂದೆ ಅವಿತಳು.

ದಮ್ಮಾಮಿಗೆ ಹೋದ ಮರುವರ್ಷ ಸರಕಿನ ಲಾರಿಯ ಜೊತೆ ಒಮ್ಮೆ ಹುಫೂಫಿಗೆ ಹೋಗಬೇಕಾಯಿತು. ಕಾಲೇಜಿನ ಮೈದಾನದ ಬೇಲಿ ಪಕ್ಕದಲ್ಲಿ ಲಾರಿ ನಿಲ್ಲಿಸಿದೆ. ಹುಡುಗರು ಅಭ್ಯಾಸ ಮಾಡುತ್ತಿದ್ದರು. ಜಾಬಿರ್ ನನ್ನನ್ನು ನೋಡಿ ಓಡಿಬಂದ.

“ಹೊಸ ಕೋಚ್ ಯಾರು?” ಎಂದೆ.

“ಯಾರೂ ಇಲ್ಲ ಉಸ್ತಾದ್. ಆಟಗಾರರನ್ನು ನಾವೇ ಆರಿಸಿಕೊಳ್ಳುತ್ತೇವೆ. ಫಹದನ ಮಾವನಿಗೂ ವರ್ಗವಾಯಿತು, ಈಗ ಕಚೇರಿಯಿಂದ ಹೆಸರು ಬರುವುದಿಲ್ಲ.”

ಅವನ ಬೆನ್ನ ಹಿಂದೆ, ರೈಟ್ ಬ್ಯಾಕ್ ಜಾಗದಲ್ಲಿ ಒಬ್ಬ ದಪ್ಪಗಿನವನು ಚೆಂಡನ್ನು ತಪ್ಪಾಗಿ ಒದ್ದ. ಅದು ಬೇಲಿ ದಾಟಿ ಲಾರಿಯ ಹತ್ತಿರ ಬಂದು ಬಿತ್ತು. ಮೈದಾನದಲ್ಲಿ ಯಾರೂ ಬೈಯಲಿಲ್ಲ.

“ಅವನನ್ನು ಆರಿಸಿದ್ದು ಯಾರು?” ಎಂದೆ.

“ಎಲ್ಲರೂ” ಎಂದ ಜಾಬಿರ್. “ಮೊದಲು ಬರೆದ ಹೆಸರೇ ಅವನದು.”

ಊರಿಗೆ ಬಂದು ಮತ್ತೆ ಶಾಲೆ ಸೇರಿದ ಮೇಲೆ ನಾನು ಹಲವು ತಂಡ ಕಟ್ಟಿದೆ. ಹದಿನೇಳು ಹೆಸರು ನಾನೇ ಬರೆಯುತ್ತಿದ್ದೆ, ಅದರಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹದಿನೆಂಟನೆಯದನ್ನು ಖಾಲಿ ಬಿಟ್ಟು ಪಟ್ಟಿಯನ್ನು ಹುಡುಗರ ಕೈಗೆ ಕೊಡುತ್ತಿದ್ದೆ. ಅವರು ತುಂಬಿದ ಹೆಸರನ್ನು ಒಂದು ಸಲವೂ ಹೊಡೆದುಹಾಕಲಿಲ್ಲ.