ಗುರುವಾರದ ಶೇಂಗಾ ಸಾರು

ಎಲ್ವಿರಾ ಅಕ್ಕ ಗುರುವಾರಕ್ಕೊಮ್ಮೆ ತಂದುಕೊಡುತ್ತಿದ್ದ ಸಾರನ್ನು ನಾನು ಸಿಂಕಿಗೆ ಸುರಿಯುತ್ತಿದ್ದೆ. ಒಂದೆರಡು ಸಲವಲ್ಲ—ಬೊಲಿವಿಯಾ ದೇಶದ ಕೊಚಬಾಂಬಾದಲ್ಲಿ ನಾವಿದ್ದಷ್ಟು ವರ್ಷವೂ. ಸುರಿದು, ಬಟ್ಟಲು ತೊಳೆದು, ಮರುದಿನ ಅವರ ಬಾಗಿಲಲ್ಲಿ ನಿಂತು "ಭಾಳ ಚಲೋ ಆಗಿತ್ರಿ" ಎನ್ನುತ್ತಿದ್ದೆ.

ನನ್ನವರಿಗೆ ಅಲ್ಲಿ ಬೀಜದ ಕಂಪನಿಯಲ್ಲಿ ಕೆಲಸ. ನನಗೆ ಗಜೇಂದ್ರಗಡದಲ್ಲಿದ್ದ ಕೆಲಸವೇ ಅಲ್ಲಿಯೂ—ಕಸ, ಮುಸುರೆ, ರೊಟ್ಟಿ. ಬಿಳಿಜೋಳ ಸಿಗಲಿಲ್ಲ, ಗೋವಿನಜೋಳದ ಹಿಟ್ಟನ್ನೇ ಬಿಸಿನೀರಿನಲ್ಲಿ ನಾದಿ ಬಡಿಯುತ್ತಿದ್ದೆ. ಮೊದಲ ವಾರ ಆ ಸದ್ದು ಕೇಳಿಯೇ ಪಕ್ಕದ ಮನೆಯ ಎಲ್ವಿರಾ ಅಕ್ಕ ಬಾಗಿಲು ತಟ್ಟಿದ್ದು. ಗಂಡ ತೀರಿಹೋಗಿ ಒಬ್ಬರೇ ಇದ್ದವರು, ನನಗಿಂತ ಹಿರಿಯರು. ಅವರದು ಸ್ಪ್ಯಾನಿಷ್, ನನ್ನದು ಅರೆಬರೆ; ಆದರೆ ನನ್ನ ನೆನಪಿನಲ್ಲಿ ಅವರು ನಮ್ಮೂರ ಮಾತನ್ನೇ ಆಡುತ್ತಾರೆ.

"ಏನವಾ, ಗ್ವಾಡಿ ಒಡ್ಯಾಕ ಹತ್ತೀಯೇನ?"

ರೊಟ್ಟಿ ಕೊಟ್ಟೆ. ನಿಂತಲ್ಲೇ ತಿಂದರು. ನಾವು ಮಾಂಸ ತಿನ್ನುವುದಿಲ್ಲವೆಂದು ಕೈಸನ್ನೆಯಲ್ಲಿ ಹೇಳಿದೆ. ತಲೆಯಾಡಿಸಿದರು. ತಿಳಿದಿರಲಿಕ್ಕಿಲ್ಲ ಎಂದುಕೊಂಡೆ.

ಆ ಗುರುವಾರವೇ ಸಾರು ಬಂತು. ಶೇಂಗಾ ಅರೆದು ಕುದಿಸಿದ್ದು, ಮೇಲೆ ಕರಿದ ಆಲೂಗಡ್ಡೆಯ ಎಳೆಗಳು. ಅಲ್ಲಿಯವರು ಅದಕ್ಕೆ ಎಲುಬು ಹಾಕಿ ಕುದಿಸುವುದನ್ನು ಪೇಟೆಯಲ್ಲಿ ನೋಡಿದ್ದೆ. ಕೇಳಲಿಲ್ಲ. ಸುರಿದೆ. ಖಾಲಿ ಬಟ್ಟಲು ತಿರುಗಿ ಕೊಡಬಾರದಲ್ಲ—ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ. ಆ ರೀತಿರಿವಾಜು ಮಾತ್ರ ಒಮ್ಮೆಯೂ ತಪ್ಪಿಸಲಿಲ್ಲ ನಾನು. ಕೊಟ್ಟದ್ದನ್ನೆಲ್ಲ ಅವರು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ತಿಂದರು.

"ಸಿಂಕಿಗಿ ಇವತ್ತ ಹಬ್ಬ ಬಿಡ," ಎಂದು ನನ್ನವರು ನಗುತ್ತಿದ್ದರು. ಒಮ್ಮೆ ಮಾತ್ರ, "ಅಲ್ಲಲೇ, ಅದರಾಗ ಏನೈತಿ ಅಂತ ಕೇಳರೆ ಕೇಳು," ಎಂದರು.

"ಕೇಳಿದ್ರ ಅವ್ರು ಬ್ಯಾಸರ ಮಾಡ್ಕೋತಾರ್ರಿ."

ಸುಳ್ಳು. ಆ ಅಡುಗೆಮನೆಯ ಮೇಲೆಯೇ ನನಗೊಂದು ಹೇಸಿಕೆ. ಮಾಂಸವಿಲ್ಲ ಎಂದು ಅವರು ಆಣೆ ಮಾಡಿದ್ದರೂ ನಾನು ಉಣ್ಣುತ್ತಿರಲಿಲ್ಲ. ಇದನ್ನು ಬರೆಯುವಾಗ—ಇರಲಿ, ಬರೆದಾಯಿತು.

ಊರಿಗೆ ಮರಳುವ ಹಿಂದಿನ ದಿನ ಊಟಕ್ಕೆ ಕರೆದರು. ಅವರ ಅಡುಗೆಮನೆಯೊಳಗೆ ನಾನು ಕೂತದ್ದು ಅಂದೇ ಮೊದಲು. ಒಲೆಯ ಮೇಲೊಂದು ಸಣ್ಣ ಬೋಗುಣಿ, ಹಿಡಿಕೆಗೆ ಕೆಂಪು ದಾರ. ಉಳಿದ ಪಾತ್ರೆಗಳಿಂದ ದೂರ, ಅದಕ್ಕೆಂದೇ ಗೋಡೆಯಲ್ಲಿ ಒಂದು ಮೊಳೆ.

"ಇದು ನಿನ್ನ ಬೋಗುಣಿ," ಎಂದರು. "ನೀ ಬಂದ ವಾರನ ತಂದೀನಿ. ಇದಕ್ಕ ಮಾಂಸ ಸೋಕಿಲ್ಲ. ಸೌಟೂ ಬ್ಯಾರೇನ. ನನ್ನ ತಂಗಿ ಒಮ್ಮಿ ಮುಟ್ಟಾಕ ಹೋಗಿದ್ಲು—ಜಗಳಾನ ಮಾಡೀನಿ!"

ಬಡಿಸಿದರು. ಉಂಡೆ. ನರಗುಂದದ ನನ್ನ ತವರಿನ ಒಲೆಯ ಮುಂದೆ ಕೂತಂತಾಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇವತ್ತ ಉಪ್ಪಿನ ಅಂದಾಜ ಸಿಗಲಿಲ್ಲವಾ. ಯಾವಾಗಿನ ಹಂಗ ಐತೇನ?"

ಆಗಲಾದರೂ—ಬಾಯಿ ತುಂಬ ಅವರ ಅನ್ನವಿತ್ತು, ಆಗಲಾದರೂ—

"ಯಾವಾಗಿನ ಹಂಗ ಐತ್ರಿ," ಎಂದೆ.

ಅವರ ಮುಖ ಅರಳಿತು. ಬೋಗುಣಿಯನ್ನು ನನಗೇ ಕಟ್ಟಿಕೊಟ್ಟರು.

ಈಗ ಅದು ಗಜೇಂದ್ರಗಡದ ನಮ್ಮ ಮನೆಯಲ್ಲಿದೆ. ದಾರ ಬಿಚ್ಚಿಲ್ಲ. ಅದರಲ್ಲಿ ಅವರ ಸಾರು ಮಾಡಲು ನೋಡುತ್ತೇನೆ, ಅವರದರಂತೆ ಆಗುವುದಿಲ್ಲ. ಒಂದೇ ಸಲ ಉಂಡವಳಿಗೆ ರುಚಿ ಎಷ್ಟು ನೆನಪಿರಬೇಕು? ಗುರುವಾರ ಅವರು ಫೋನ್ ಮಾಡುತ್ತಾರೆ. "ನಂದರಂಗ ಆಗತೈತೇನ?" ಹೂಂ ಎನ್ನುತ್ತೇನೆ. ಕಳೆದ ಸಲ ಹೇಳಿದರು: "ನೀವಿದ್ದ ಮನಿಗೆ ಹೊಸಬರು ಬಂದಾರ. ಅವ್ರಿಗೆ ಸಾರು ಕೊಡಾಕ ಮನಸ ಬರವಲ್ದವಾ. ನಿನ್ನಂಗ ಪ್ರೀತಿಲೆ ಉಣ್ಣಾವ್ರು ಯಾರದಾರ?"

ಅಂದಿನಿಂದ ರೊಟ್ಟಿ ಬಡಿಯುವಾಗಲೆಲ್ಲ ಸ್ಪ್ಯಾನಿಷಿನಲ್ಲಿ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೇನೆ. ಈ ಗುರುವಾರ ಹೂಂ ಎನ್ನುವುದಿಲ್ಲ. ಕೇಳಿದ ಮೇಲೆ ಅವರು ಫೋನ್ ಇಟ್ಟರೆ ಇಡಲಿ, ಮತ್ತೆಂದೂ ಮಾಡದಿದ್ದರೆ ಅದೂ ಸರಿಯೇ.

ಅಕ್ಕಾ, ನಿಮ್ಮ ಸಾರು ನಾ ಒಂದ ಸಲ ಅಷ್ಟ ಉಂಡೀನ್ರಿ.