ಅಂಟಿಸುವ ಮೊದಲು ನಾನಾಡಿದ ಸುಳ್ಳು

ಮಂಜುಳಾ, ಸುಳ್ಳು ಹೇಳಿದವಳು ನಾನು. ಆ ಹಲ್ಲಿನ ಡಾಕ್ಟರಲ್ಲ. ನೀನು ಹೇಳಿ ಕಳಿಸಿದ ಮಾತು ಅವರ ಕಿವಿಗೆ ಬೀಳಲೇ ಇಲ್ಲ — ನಾನು ಬೀಳಿಸಲಿಲ್ಲ.

ನಿನ್ನೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದೆಯಲ್ಲ, “ಆ ಡಾಕ್ಟ್ರತ್ರ ಮಾತ್ರ ಹೋಗ್ಬ್ಯಾಡಕ್ಕಾ, ಬಾಯ್ಬುಟ್ಟು ಹೇಳಿದ್ರೂ ಕೇಳಲ್ಲ” ಅಂತ. ನಾನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನೀನು ಮದುವೆಯಾಗಿ ಗಂಡನ ಊರು ಮತ್ತಿಗಿರಿಗೆ ಬಂದಾಗಿನಿಂದ ಇದೇ ಮಾತು. ನಿನ್ನೆ ಯಾಕೋ ಮೈಯೆಲ್ಲ ಉರಿದುಹೋಯಿತು — ನಿನ್ನ ಮೇಲಲ್ಲ.

ನಿನ್ನ ಹಲ್ಲು ಕಂದಾಗಿದ್ದು ನಮ್ಮೂರ ಬೋರ್ ನೀರಿನಿಂದ. ಅವ್ವ ಇಲ್ಲದ ಮಗುವಿಗೆ ಆ ನೀರು ಕುಡಿಸಿ ಬೆಳೆಸಿದ ಅಜ್ಜಿ ನಾನೇ. ಹೆಣ್ಣು ನೋಡಲು ಬಂದ ಹುಡುಗ ಆ ಹಲ್ಲು ನೋಡಿಯೇ ಒಪ್ಪಿದ್ದ. ಅವನ ಸೋದರತ್ತೆ ಮಾತ್ರ, “ಹುಡ್ಗಿ ಹಲ್ಲು ತುಕ್ಕಿಡ್ದಂಗವೆ” ಅಂದಳು. ಅದೊಂದು ಮಾತಿಗೆ ಹಟ ಹಿಡಿದು ನಿನ್ನನ್ನು ಹೊಸೂರಿಗೆ ಎಳೆದುಕೊಂಡು ಹೋದೆ. ಹಲ್ಲಿನ ಮುಂಭಾಗ ತುಸು ಅರೆದು, ಮೇಲೆ ಪಿಂಗಾಣಿ ಚಿಪ್ಪು ಅಂಟಿಸುತ್ತಾರೆ ಎಂದು ಯಾರೋ ಹೇಳಿದ್ದರು.

ಡಾಕ್ಟರದು ತಪ್ಪಿಲ್ಲ. ಚಿಪ್ಪು ತಯಾರಾಗಿ ಬಂದ ಆ ಶುಕ್ರವಾರ ಅವನ್ನು ಗಟ್ಟಿ ಅಂಟಿಸದೆ ಸುಮ್ಮನೆ ಮೆತ್ತಿ ಕೂರಿಸಿ, ನಿನ್ನ ಕೈಗೆ ಕನ್ನಡಿ ಕೊಟ್ಟು ಜಗಲಿಯ ಬೆಳಕಿಗೆ ಕಳಿಸಿದರು. ಉದ್ದವಾಗಲಿ ಬಣ್ಣವಾಗಲಿ, ಹಿಡಿಸದಿದ್ದರೆ ಈಗಲೇ ಹೇಳಿ, ಗಟ್ಟಿ ಅಂಟಿಸಿದ ಮೇಲೆ ತೆಗೆಯುವುದು ಕಷ್ಟ — ಇಬ್ಬರಿಗೂ ಬಿಡಿಸಿ ಹೇಳಿದ್ದರು.

“ಮುಂದಿನ ಎರಡೂ ಉದ್ದ ಆದ್ವು ಕಣಜ್ಜಿ,” ಅಂದೆ ನೀನು. “ಸುಣ್ಣ ಬಳ್ದಂಗೈತೆ. ಅಷ್ಟು ಕಷ್ಟಪಟ್ಟವ್ರೆ, ನಂಗೆ ಹೇಳಕ್ಕೆ ನಾಚ್ಕೆ. ನೀನೇ ಹೇಳ್ಬುಡು.”

ನಾನು ಒಳಗೆ ಹೋದೆ. ಗೋಡೆಯ ಗಡಿಯಾರ ನೋಡಿದೆ. ರಾಹುಕಾಲ ಬಾಗಿಲಿಗೆ ಬಂದಿತ್ತು. ಭಾನುವಾರ ನಿನ್ನ ನಿಶ್ಚಯದ ಎಲೆ-ಅಡಿಕೆ ಶಾಸ್ತ್ರ. ಚಿಪ್ಪು ತಿದ್ದಲು ಮಾಡಿದ ಕಡೆಗೇ ವಾಪಸ್ ಹೋದರೆ ಅಷ್ಟರೊಳಗೆ ಬರುವುದಿಲ್ಲ, ಆ ಸೋದರತ್ತೆಯ ಮುಂದೆ ಮತ್ತೆ —

“ಪಾಪ್ಪಾವುಕ್ಕು ಪಿಡಿಚ್ಚಿರುಕ್ಕಾ, ಪಾಟಿ?” ಹುಡುಗಿಗೆ ಹಿಡಿಸಿತೇ ಅಜ್ಜಿ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

“ರೊಂಬ ಪಿಡಿಚ್ಚಿರುಕ್ಕಾಂ, ಸಾರ್. ಸೀಕ್ರಂ ಒಟ್ಟಿಡುಂಗ,” ಅಂದೆ. ತುಂಬ ಹಿಡಿಸಿದೆಯಂತೆ, ಬೇಗ ಅಂಟಿಸಿಬಿಡಿ.

ನೀನು ಬಂದು ನನ್ನ ಮುಖ ನೋಡಿದೆ. ಹೇಳಿದ್ದೇನೆ ಎಂಬಂತೆ ನಾನು ತಲೆಯಾಡಿಸಿದೆ. ಅವರು ಇನ್ನೊಮ್ಮೆ “ಓಕೆನಾ?” ಎಂದಾಗ ನೀನೂ ತಲೆಯಾಡಿಸಿದೆ — ಅಲ್ಲೇ ತಿದ್ದಿ ಅಂಟಿಸುತ್ತಾರೆ ಎಂದು ನಂಬಿ, ನನ್ನನ್ನು ನಂಬಿ. ಕಣ್ಣು ಮುಚ್ಚಿ ಬಾಯಿ ತೆರೆದೆ.

ಒಂದು ಸೀರೆ ಕೊಳ್ಳಬೇಕಾದರೂ ಅಂಗಡಿಯ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, ಹತ್ತು ಸಲ ಬೇಡ ಅನ್ನುವ ಹೆಂಗಸು ನಾನು. ಮೊಮ್ಮಗಳ ಬಾಯಿಗೆ ಮಾತ್ರ ಗಡಿಯಾರ ನೋಡಿದೆ. ರಾಹುಕಾಲದಲ್ಲಿ ಅಂಟಿಸಿದ್ದು ನಿಲ್ಲುವುದಿಲ್ಲ ಎಂದು ಹೆದರಿದ್ದೆ. ನಿಂತಿತಲ್ಲ — ಅದೇ ಈಗ ಗೋಳು.

ಮನೆಗೆ ಬಂದು ಕನ್ನಡಿ ನೋಡಿ ನೀನು ಕೇಳಿದೆ, “ಅಜ್ಜಿ, ಹೇಳಿದ್ಯಾ ಇಲ್ವಾ?”

“ಹೇಳ್ದೆ ಕಣೆ. ಅವ್ರು ಕೇಳ್ಳಿಲ್ಲ.”

ಮೊದಲನೇ ಸುಳ್ಳು ಅವಸರದ್ದು. ಇದಕ್ಕೆ ಯಾವ ಅವಸರವಿತ್ತು?

ಶಾಸ್ತ್ರದ ದಿನ ಆ ಸೋದರತ್ತೆ, “ಹಲ್ಲೇನೋ ಬಂತು, ಹುಡ್ಗಿ ಎಲ್ಲೋಯ್ತು?” ಅಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ — ಬಾಯಿಗೆ ಕೈ ಅಡ್ಡ ಇಟ್ಟು. ಕಂದು ಹಲ್ಲಿದ್ದಾಗ ಊರೆಲ್ಲ ಕೇಳುವಂತೆ ನಗುತ್ತಿದ್ದವಳು. ಆ ಕೈ ಇವತ್ತಿಗೂ ಇಳಿದಿಲ್ಲ.

ಮುಂದಿನ ವಾರ ಇವನ್ನು ತೆಗೆಸಿ ಬೇರೆ ಹಾಕಿಸಲು ಇನ್ನೊಬ್ಬ ಡಾಕ್ಟರ ಹತ್ತಿರ ಹೊರಟಿದ್ದೀಯ. ಜೊತೆಗೆ ಬಾ ಎಂದು ನನ್ನನ್ನು ಕರೆದೆ. ನಾನು ಬರುವುದಿಲ್ಲ. ಕನ್ನಡಿ ನೀನೇ ಹಿಡಿ. ಬಿಸಿಲಲ್ಲಿ ನೋಡು, ಮಾತಾಡಿ ನೋಡು, ಅಂಟಿಸುವ ಮೊದಲು ನಿನ್ನ ಬಾಯಿಂದಲೇ ಹೇಳು. ಅವರು ಬೇಜಾರಾದರೆ ಆಗಲಿ. ಹೊತ್ತು ಮೀರಿದರೆ ಮೀರಲಿ.

ಪಕ್ಕದ ಮನೆಯವಳಿಗೆ ನಿಜ ನಾನೇ ಹೇಳುತ್ತೇನೆ. ಆ ಡಾಕ್ಟರಿಗೂ ಹೇಳುತ್ತೇನೆ. ಮೊದಲು ನಿನಗೆ — ಹೇಳಿದ್ದಾಯಿತು. ಇನ್ನು ಬೈ. ಎಷ್ಟು ಬೇಕಾದರೂ ಬೈ, ಆ ಕೈ ತೆಗೆದು ಬೈ.